ಬಾಂಜ್ ಓಕ್ ಗುರುತಿಸಬೇಕಾ? ಎಲೆ ತಿರುಗಿಸಿ ನೋಡಿ

ಉತ್ತರಾಖಂಡದ ಕಡೆ ಚಾರಣಕ್ಕೆ ಹೋಗುವವರಿಗೆ ಒಂದು ಸಲಹೆ. ಅಲ್ಲಿ ಓಕ್ ಮರ ಕಂಡರೆ ಸುಮ್ನೆ ದೂರದಿಂದ ಫೋಟೋ ತೆಗೆದು ಯಾವುದು ಅಂತ ಕೇಳಬೇಡಿ, ಕೆಳಗೆ ಬಿದ್ದ ಒಂದು ಎಲೆ ಎತ್ತಿ ಅದರ ಹಿಂಬದಿ ನೋಡಿ.

ಮೇಲೆ ಹಸಿರು, ಕೆಳಗೆ ಬಿಳಿ ಅಥವಾ ಬೂದು ಬಣ್ಣದ ನವಿರು ರೋಮ, ಅಂಚಿನಲ್ಲಿ ಗರಗಸದಂಥ ಹಲ್ಲುಗಳು ಇದ್ದರೆ ಅದು ಬಾಂಜ್. ಗಾಳಿ ಬೀಸಿದಾಗ ಇಡೀ ಮರ ಬೆಳ್ಳಗೆ ಹೊಳೆಯುವುದು ಇದಕ್ಕೇ. ಎರಡೂ ಬದಿ ನುಣುಪಾಗಿ ಹಸಿರಾಗಿದ್ದರೆ ಮೋರು ಎಂಬ ಇನ್ನೊಂದು ಓಕ್ ಇರಬಹುದು. ಹಿಂಬದಿ ಕಂದು, ತುಕ್ಕಿನ ಬಣ್ಣ ಇದ್ದರೆ ಖರ್ಸು ಎಂಬ ಮತ್ತೊಂದು ಓಕ್. ಜಾಗದ ಎತ್ತರವೂ ಸುಳಿವು ಕೊಡುತ್ತದೆ: ಬಾಂಜ್ ಸುಮಾರು 1500ರಿಂದ 2300 ಮೀಟರ್ ನಡುವೆ ಜಾಸ್ತಿ, ಖರ್ಸು ಅದಕ್ಕಿಂತ ಮೇಲೆ. ಆದರೆ ಎತ್ತರ ಒಂದನ್ನೇ ನಂಬಬೇಡಿ, ಇವು ಒಂದರ ವಲಯದಲ್ಲಿ ಇನ್ನೊಂದು ಸೇರಿಕೊಳ್ಳುತ್ತವೆ.

ಅಂಚಿನ ಮುಳ್ಳು ನೋಡಿ ತೀರ್ಮಾನಿಸುವುದೂ ಕಷ್ಟವೇ, ಯಾಕೆಂದರೆ ಖರ್ಸು, ಮೋರುಗಳಲ್ಲಿ ಎಳೆ ಗಿಡದ ಎಲೆ ಮುಳ್ಳುಮುಳ್ಳಾಗಿದ್ದು ದೊಡ್ಡ ಮರದಲ್ಲಿ ನಯವಾಗಿರಬಹುದು. ಹಾಗಾಗಿ ಬೇರೆ ಬೇರೆ ಕೊಂಬೆಯ ಮೂರ್ನಾಲ್ಕು ಎಲೆ ಹೋಲಿಸಿ.

ಫೋಟೋ ಹಾಕುವಾಗ ಎಲೆಯ ಎರಡೂ ಬದಿ, ತೊಗಟೆ, ಬಟ್ಟಲಿನಲ್ಲಿ ಕೂತ ಕಾಯಿ ಇದ್ದರೆ ಅದನ್ನೂ ತೋರಿಸಿ, ಜೊತೆಗೆ ಜಾಗದ ಎತ್ತರ ಬರೆಯಿರಿ.