ಊರಿನ ವಿಷಯ ಊರವ್ರ ಹತ್ರ ಕೇಳೋದು ಹೇಗೆ? ಕಾಸರಗೋಡಲ್ಲಿ ಇರೋರಿಗೆ, ಹೊಸದಾಗಿ ಬಂದೋರಿಗೆ

"ಕಾಸರಗೋಡಲ್ಲಿ ಒಳ್ಳೆ ಡಾಕ್ಟ್ರು ಯಾರಿದ್ದಾರೆ?" ಅಂತ ಕೇಳಿ ನೋಡಿ, ಹತ್ತು ಜನ ಹತ್ತು ಹೆಸರು ಹೇಳ್ತಾರೆ, ಅದ್ರಲ್ಲಿ ಒಂದೂ ನಿಮ್ಮ ಉಪಯೋಗಕ್ಕೆ ಬರೋದಿಲ್ಲ. ತಪ್ಪು ಅವ್ರದ್ದಲ್ಲ. ನೀವು ಇರೋದು ಉಪ್ಪಳದಲ್ಲಾ ಮುಳ್ಳೇರಿಯದಲ್ಲಾ, ಕಾರುಂಟಾ ಬಸ್ಸಲ್ಲೇ ಹೋಗ್ಬೇಕಾ, ಮಲಯಾಳ ಬರ್ತದಾ ಇಲ್ವಾ, ಯಾವುದೂ ಅವ್ರಿಗೆ ಗೊತ್ತಿಲ್ಲ. ತಲಪಾಡಿಯಿಂದ ತೃಕ್ಕರಿಪುರದವರೆಗೆ ಉದ್ದಕ್ಕೆ ಹಬ್ಬಿರೋ ಜಿಲ್ಲೆ ಇದು, ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ಹಾಗಾಗಿ ಒಬ್ರಿಗೆ ಹತ್ರ ಆದದ್ದು ಇನ್ನೊಬ್ರಿಗೆ ಎರಡು ಬಸ್ಸು ಬದಲಾಯಿಸೋವಷ್ಟು ದೂರ.

ಅದಕ್ಕೇ ಮೊದಲು ಪ್ರಶ್ನೆ ಸರಿ ಮಾಡ್ಕೊಳ್ಳಿ

ಎಲ್ಲಿಂದ, ಯಾರಿಗೆ, ಯಾವಾಗ, ಯಾವ ಭಾಷೆ, ಈ ನಾಲ್ಕೂ ವಿಷಯ ನಿಮ್ಮ ಪ್ರಶ್ನೆಯಲ್ಲೇ ಇರ್ಲಿ. ಉದಾಹರಣೆಗೆ ಹೀಗೆ: "ನಾವು ನೀರ್ಚಾಲಲ್ಲಿ ಇರೋದು, ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ಲಿಕ್ಕೆ ಆಗೋದಿಲ್ಲ, ಬಸ್ಸಲ್ಲೇ ಕರ್ಕೊಂಡು ಹೋಗ್ಬೇಕು. ಬದಿಯಡ್ಕ ಅಥವಾ ಕಾಸರಗೋಡಲ್ಲಿ ಕನ್ನಡವೋ ತುಳುವೋ ಮಾತಾಡೋ ಎಲುಬಿನ ಡಾಕ್ಟ್ರು ಮಧ್ಯಾಹ್ನದ ಒಳಗೆ ಸಿಗ್ತಾರಾ?" ಇಷ್ಟು ಹೇಳಿದ್ರೆ ಉತ್ತರ ಕೊಡೋರು ಕೂಡ ಯೋಚನೆ ಮಾಡ್ತಾರೆ. ಆ ಕ್ಲಿನಿಕ್ ಮೇಲಿನ ಮಹಡಿಲಿ ಉಂಟು, ಲಿಫ್ಟ್ ಇಲ್ಲ, ಅಲ್ಲಿ ಬೇಡ ಅಕ್ಕ ಅಂತ ಒಬ್ರು ಹೇಳ್ತಾರೆ ನೋಡಿ, ಆ ಮಾತಿಗೆ ಬೆಲೆ ಜಾಸ್ತಿ.

ಭಾಷೆ ವಿಷಯ ಹೇಳ್ಲಿಕ್ಕೆ ಸಂಕೋಚ ಬೇಡ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲ ಮಾತಾಡೋ ಊರಿದು, ನಿಮ್ಮ ಭಾಷೆಯವ್ರು ಒಬ್ರಾದ್ರೂ ಇದ್ದೇ ಇರ್ತಾರೆ, ಕೇಳದಿದ್ರೆ ಮಾತ್ರ ಸಿಗೋದಿಲ್ಲ.

ಯಾವುದನ್ನ ಯಾರ ಹತ್ರ ಕೇಳೋದು

ದಾರಿ, ಬಸ್ಸು ಎಲ್ಲ ಆಟೋಸ್ಟ್ಯಾಂಡಿನವ್ರ ಹತ್ರ. ಡಾಕ್ಟ್ರು ಯಾವ ದಿನ ಎಷ್ಟು ಹೊತ್ತಿಗೆ ಕೂತ್ಕೊಳ್ತಾರೆ ಅನ್ನೋದು ಮೆಡಿಕಲ್ ಶಾಪಿನವ್ರಿಗೆ ಗೊತ್ತಿರೋಷ್ಟು ಬೇರೆ ಯಾರಿಗೂ ಗೊತ್ತಿರೋದಿಲ್ಲ. ಸರ್ಟಿಫಿಕೇಟು, ಅರ್ಜಿ, ಆನ್‌ಲೈನ್ ಕೆಲಸಕ್ಕೆ ಅಕ್ಷಯ ಸೆಂಟರ್. ತೋಟದ ವಿಷಯ ಆದ್ರೆ ಪಂಚಾಯತಿನ ಕೃಷಿಭವನ, ತೆಂಗು-ಅಡಿಕೆ ಸಸಿ ಬೇಕಾದ್ರೆ ಕೂಡ್ಲಿನಲ್ಲಿ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಉಂಟು, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಅಂತ ಶುರುವಾದ ಜಾಗ ಅದು, ಹೋಗೋ ಮೊದಲು ಸಸಿ ಉಂಟಾ ಅಂತ ಫೋನ್ ಮಾಡಿ ಕೇಳ್ಕೊಳ್ಳಿ. ಕಾಸರಗೋಡು ಸೀರೆ ತಗೊಳ್ಳೋದಾದ್ರೆ ನೇಕಾರರ ಸೊಸೈಟಿಗೇ ಹೋಗಿ, ಅದು ನಮ್ಮೂರಿನ ಹೆಸರಲ್ಲೇ ಜಿಐ ಟ್ಯಾಗ್ ಸಿಕ್ಕಿರೋ ಕಾಟನ್ ಕೈಮಗ್ಗದ ಸೀರೆ, ಕೊಳ್ಳೋರು ಇದ್ರೆ ಮಾತ್ರ ಮಗ್ಗ ನಡೆಯೋದು.

ಬಸ್ಸು ಕೇಳೋವಾಗ ರೂಟ್ ಹೇಳಿ

ಹೊಸಬ್ರಿಗೆ ಅತಿ ಹೆಚ್ಚು ಗೊಂದಲ ಆಗೋದು ಇಲ್ಲೇ. ಕಾಸರಗೋಡಿಂದ ಕಾಞಂಗಾಡಿಗೆ (ನಮ್ಮ ಹಿರಿಯರು ಈಗ್ಲೂ ಹೊಸದುರ್ಗ ಅಂತಾರೆ) ಎರಡು ದಾರಿ ಉಂಟು. ಒಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಬೇಕಲ ಅಂತ ಕಡಲ ಬದಿಲಿ ಹೋಗ್ತದೆ. ಇನ್ನೊಂದು ಹೈವೇಲಿ ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ, ಪೆರಿಯ ಅಂತ ಹೋಗ್ತದೆ. ಬೇಕಲ ಕೋಟೆ ನೋಡ್ಲಿಕ್ಕೆ ಹೋಗೋರು ಬರೀ "ಕಾಞಂಗಾಡ್ ಬಸ್ಸಾ?" ಅಂತ ಕೇಳಿ ಹತ್ತಿದ್ರೆ, ಅದು ಹೈವೇ ಬಸ್ಸಾದ್ರೆ ಕೋಟೆ ಸಿಗೋದೇ ಇಲ್ಲ. ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಗೆ ಹೋಗೋ ಮಕ್ಕಳು ಚಂದ್ರಗಿರಿ ಬಸ್ಸು ಹತ್ತಿದ್ರೂ ಅದೇ ಕಥೆ. ಹಾಗಾಗಿ "ಚಂದ್ರಗಿರಿ ರೂಟಾ, ಚೆರ್ಕಳ ರೂಟಾ?" ಅಂತ ಕೇಳಿಯೇ ಹತ್ತಿ. ಟ್ರೇನಲ್ಲಿ ಹೋಗೋದಾದ್ರೆ ಬೇಕಲ್ ಫೋರ್ಟ್ ಅಂತಲೇ ಒಂದು ಸ್ಟೇಷನ್ ಉಂಟು, ಆದ್ರೆ ಎಲ್ಲ ಟ್ರೇನ್ ಅಲ್ಲಿ ನಿಲ್ಲೋದಿಲ್ಲ. ಬೋರ್ಡ್ ಮಲಯಾಳದಲ್ಲಿದ್ದು ಓದ್ಲಿಕ್ಕೆ ಬರದಿದ್ರೆ ಹೋಗ್ಬೇಕಾದ ಊರಿನ ಹೆಸರು ಯಾರ ಹತ್ರಾದ್ರೂ ಮಲಯಾಳದಲ್ಲಿ ಬರೆಸಿ ಚೀಟಿ ಇಟ್ಕೊಳ್ಳಿ, ವಯಸ್ಸಾದವ್ರನ್ನ ಒಬ್ರನ್ನೇ ಕಳಿಸೋವಾಗ ಇದು ತುಂಬ ಉಪಕಾರ ಆಗ್ತದೆ.

ಉತ್ತರ ಯಾವ ಕಾಲದ್ದು ಅಂತ ನೋಡಿ

ಒಳ್ಳೆ ಮನಸ್ಸಲ್ಲೇ ಹೇಳಿದ ಮಾತು ಕೂಡ ಹಳೇದಾಗಿರ್ತದೆ. ಹೈವೇ 66 ಆರು ಲೇನ್ ಆಗ್ಲಿಕ್ಕೆ ಶುರು ಆದ್ಮೇಲೆ ತಲಪಾಡಿಯಿಂದ ಈಚೆ ಎಷ್ಟೋ ಕ್ರಾಸು ಮುಚ್ಚಿ ಹೋಗಿ ಸರ್ವಿಸ್ ರೋಡು, ಅಂಡರ್‌ಪಾಸು ಬಂತು, ಕಾಸರಗೋಡು ಪೇಟೆಲಿ ಫ್ಲೈಓವರೇ ಎದ್ದಿದೆ. "ಆ ಆಲದ ಮರದ ಹತ್ರ ರೈಟಿಗೆ ತಿರುಗಿ" ಅಂತ ಹೇಳಿದ್ರೆ ಈಗ ಮರವೂ ಇರೋದಿಲ್ಲ, ರೈಟಿಗೆ ತಿರುಗ್ಲಿಕ್ಕೆ ಬಿಡೋದೂ ಇಲ್ಲ. ಆಫೀಸಿನದ್ದೂ ಹಾಗೇ, ಮಂಜೇಶ್ವರ ತಾಲೂಕು ಬೇರೆ ಆದದ್ದು 2014ರಲ್ಲಿ, ತಾಲೂಕು ಆಫೀಸು ಉಪ್ಪಳದಲ್ಲಿ, ಆದ್ರೂ ಅಭ್ಯಾಸಬಲದಲ್ಲಿ ಕಾಸರಗೋಡಿಗೆ ಹೋಗಿ ಅಂತ ಹೇಳೋ ಅಜ್ಜಂದಿರು ಇದ್ದಾರೆ. ಅನಂತಪುರ ಸರೋವರ ಕ್ಷೇತ್ರಕ್ಕೆ ಹೋಗೋರಿಗೆ "ಬಬಿಯನನ್ನ ನೋಡ್ಕೊಂಡು ಬನ್ನಿ" ಅನ್ನೋರೂ ಇದ್ದಾರೆ, ಆ ಮೊಸಳೆ ತೀರಿ ಹೋದದ್ದು 2022ರ ಅಕ್ಟೋಬರಲ್ಲಿ. ಅದಕ್ಕೇ "ನೀವು ಕೊನೆಗೆ ಹೋದದ್ದು ಯಾವಾಗ?" ಅಂತ ಒಂದು ಮಾತು ಮೆಲ್ಲ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ.

ಮಳೆಗಾಲ ಬೇರೆ, ಬೇಸಿಗೆ ಬೇರೆ. ಮಧೂರು ದೇವಸ್ಥಾನಕ್ಕೆ ಯಾವಾಗ ಹೋದ್ರೂ ಚಂದವೇ, ಆದ್ರೆ ಜೋರು ಮಳೆಗೆ ಮಧುವಾಹಿನಿ ಹೊಳೆ ತುಂಬಿ ಅಂಗಳದ ಒಳಗೇ ನೀರು ಬರೋದುಂಟು, ದೂರದಿಂದ ಬರೋರು ಹಿಂದಿನ ದಿನ ಫೋನ್ ಮಾಡಿ ಕೇಳೋದು ಒಳ್ಳೇದು. ಬಾಡಿಗೆ ಮನೆ ನೋಡೋರು ಜೂನ್-ಜುಲೈಲಿ ತುಂಬಿರೋ ಬಾವಿ ನೋಡಿ ಖುಷಿಪಡ್ಬೇಡಿ, ಎಪ್ರಿಲ್-ಮೇಯಲ್ಲಿ ನೀರು ಇರ್ತದಾ, ಹೊಳೆ ಅಥವಾ ಕಡಲ ಹತ್ರ ಆದ್ರೆ ಆ ನೀರು ಉಪ್ಪಾಗ್ತದಾ ಅಂತ ಓನರ್ ಹತ್ರ ಅಲ್ಲ, ಪಕ್ಕದ ಮನೆಯವ್ರ ಹತ್ರ ಕೇಳಿ. ಪೆರ್ಲ, ಬದಿಯಡ್ಕದ ಗುಡ್ಡದ ಕಡೆ ಸುರಂಗದ (ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ನಂಬಿರೋ ಮನೆ ಇನ್ನೂ ಉಂಟು, ಅಲ್ಲಿ ಕೇಳ್ಬೇಕಾದ್ದು ಬೇಸಿಗೆ ಕೊನೆಗೆ ಎಷ್ಟು ಸಪೂರ ಹರೀತದೆ ಅಂತ.

ಎಲ್ಲದಕ್ಕೂ ಮಂಗಳೂರೇ ಬೇಕಾ?

ನಮ್ಮವ್ರ ಬಾಯಲ್ಲಿ ಕೊನೆಗೆ ಬರೋ ಉತ್ತರ ಒಂದೇ: "ಸೀದಾ ಮಂಗ್ಳೂರಿಗೆ ಹೋಗಿ". ಕಾಸರಗೋಡಿಂದ ಬರೀ 50 ಕಿಲೋಮೀಟರ್, ಕನ್ನಡ ನಡೀತದೆ, ದೊಡ್ಡ ಆಸ್ಪತ್ರೆ ಉಂಟು, ಹೇಳೋದು ಸುಳ್ಳಲ್ಲ. ಆದ್ರೆ 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂತ ತಲಪಾಡಿ ಗಡಿ ಮುಚ್ಚಿದಾಗ ಡಯಾಲಿಸಿಸ್ಸಿಗೆ, ಹೆರಿಗೆಗೆ ಅಲ್ಲಿಯದ್ದೇ ನಂಬಿದ್ದ ಮನೆಯವ್ರು ಪಟ್ಟ ಪಾಡು ಮರೆಯೋವಂಥದ್ದಲ್ಲ, ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಹಾಗಾಗಿ ಮಂಗಳೂರಿನ ಹೆಸರು ಸಿಕ್ಕಿದ್ರೂ "ಇದೇ ಕೆಲಸ ಈಚೆ ಕಡೆ ಎಲ್ಲಿ ಆಗ್ತದೆ?" ಅಂತ ಜೊತೆಗೇ ಕೇಳಿ ಬರೆದಿಟ್ಕೊಳ್ಳಿ. ಕೇರಳದ ಇನ್ಶೂರೆನ್ಸ್ ಕಾರ್ಡ್ ಆ ಆಸ್ಪತ್ರೆಲಿ ನಡೀತದಾ ಅನ್ನೋದನ್ನೂ ಅಡ್ಮಿಟ್ ಆಗೋ ಮೊದಲು ಕೇಳ್ಬೇಕು.

ಆಫೀಸು, ಶಾಲೆ

"ಆಫೀಸಲ್ಲಿ ಕನ್ನಡ ಅರ್ಜಿ ತಗೊಳ್ತಾರಾ?" ಅಂತ ತುಂಬ ಜನ ಕೇಳ್ತಾರೆ. ಕೇರಳದ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡದವ್ರು ಸರ್ಕಾರಿ ಆಫೀಸಿಗೆ ಕನ್ನಡದಲ್ಲೇ ಬರೀಬಹುದು, ಉತ್ತರವೂ ಕನ್ನಡದಲ್ಲೇ ಬರ್ಬೇಕು. ಈ ಹಕ್ಕು ಇರೋದೇ ಎಷ್ಟೋ ಜನರಿಗೆ ಗೊತ್ತಿಲ್ಲ, ಬಳಸಿದಷ್ಟು ಉಳೀತದೆ, ದಯವಿಟ್ಟು ಕನ್ನಡದಲ್ಲೇ ಬರೀರಿ. ಶಾಲೆ ವಿಷಯ ಕೇಳೋವಾಗ "ಕನ್ನಡ ಮೀಡಿಯಂ ಉಂಟಾ?" ಅಂತ ಕೇಳಿದ್ರೆ ಸಾಲದು. ಲೆಕ್ಕ, ಸೈನ್ಸು, ಸೋಶಿಯಲ್ ಕಲಿಸೋ ಟೀಚರಿಗೆ ಕನ್ನಡ ಬರ್ತದಾ ಅಂತ ಕೇಳಿ, ಯಾಕಂದ್ರೆ ಕನ್ನಡ ಗೊತ್ತಿಲ್ಲದ ಟೀಚರನ್ನ ಕನ್ನಡ ಕ್ಲಾಸಿಗೆ ಹಾಕಿದ್ದಕ್ಕೆ ಇಲ್ಲಿ ಪ್ರತಿಭಟನೆ ಆಗಿರೋದು ಒಂದೆರಡು ಸಲ ಅಲ್ಲ. ಅಲ್ಲಿ ಈಗ ಓದ್ತಿರೋ ಮಕ್ಕಳ ಅಪ್ಪ-ಅಮ್ಮನ ಹತ್ರ ಕೇಳಿದ್ರೆ ಸರಿಯಾದ ಉತ್ತರ ಸಿಗ್ತದೆ.

ಇನ್ನು ನಿಮ್ಮ ಹತ್ರ ಯಾರಾದ್ರೂ ಕೇಳಿದ್ರೆ

ಸ್ವಂತ ನೋಡಿದ್ದು ಯಾವುದು, ಯಾರೋ ಹೇಳಿ ಕೇಳಿದ್ದು ಯಾವುದು ಅಂತ ಬೇರೆ ಬೇರೆ ಮಾಡಿ ಹೇಳಿ. ಹೋಟೆಲ್ ಹೇಳೋವಾಗ "ಊಟ ಸೂಪರ್" ಅಂದ್ರೆ ಏನೂ ಹೇಳಿದ ಹಾಗಾಗೋದಿಲ್ಲ, ವೆಜ್ಜಾ ನಾನ್‌ವೆಜ್ಜಾ, ಕುಚ್ಚಲಕ್ಕಿ ಅನ್ನವಾ ಬೆಳ್ತಿಗೆಯಾ, ಎಷ್ಟು ಗಂಟೆಗೆ ಖಾಲಿ ಆಗ್ತದೆ, ರಂಜಾನ್ ತಿಂಗಳಲ್ಲಿ ಹಗಲು ತೆರೆದಿರ್ತದಾ, ಇದೆಲ್ಲ ಹೇಳ್ಬೇಕು. ಗೊತ್ತಿಲ್ಲದಿದ್ರೆ ಗೊತ್ತಿರೋರ ಕಡೆ ಕಳಿಸಿ, ಅದೂ ಉಪಕಾರವೇ. ತೆಂಗಿನಕಾಯಿ ಕೊಯ್ಯೋರು, ಪ್ಲಂಬರ್, ಹೋಂ ನರ್ಸ್ ನಂಬರು ಯಾರಾದ್ರೂ ಕೇಳಿದ್ರೆ ಮೊದಲು ಅವ್ರಿಗೇ ಫೋನ್ ಮಾಡಿ "ಇಂಥವ್ರಿಗೆ ನಿಮ್ಮ ನಂಬರ್ ಕೊಡ್ಲಾ?" ಅಂತ ಕೇಳಿ ಆಮೇಲೆ ಕೊಡಿ, ಅದ್ರಲ್ಲೂ ಹೆಂಗಸರ ನಂಬರ್ ಆದ್ರೆ ಕೇಳದೆ ಕೊಡ್ಲೇಬೇಡಿ.

ಉತ್ತರ ಪಡೆದೋರು ಕೆಲಸ ಆದ್ಮೇಲೆ ಹೇಳಿದವ್ರಿಗೆ ತಿಳಿಸಿ. ಡಾಕ್ಟ್ರು ಈಗ ಮಂಗಳವಾರ ಬರೋದಿಲ್ಲ, ಪ್ಲಂಬರ್ ಇಷ್ಟು ತಗೊಂಡ್ರು, ಆ ಬಸ್ಸು ಈಗ ಇಲ್ಲ, ಹೀಗೆ ಎರಡು ಸಾಲು ಸಾಕು, ನಾಳೆ ಅದೇ ಪ್ರಶ್ನೆ ಕೇಳೋ ಇನ್ನೊಬ್ರಿಗೆ ಅವ್ರು ಸರಿಯಾದ್ದೇ ಹೇಳ್ತಾರೆ.