ಎಡ್ವರ್ಡ್ ಪೆನ್ನಿ ಕೊಳ್ಳುವ ಮುಂಚೆ

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು ಬೆಳ್ಳಿ ಅಂಗಡಿ. ಕಾಲುಂಗುರ ತೂಗುವ ತಕ್ಕಡಿಯಲ್ಲೇ ಯುರೋಪಿನ ಹಳೇ ನಾಣ್ಯಗಳನ್ನೂ ತೂಗುತ್ತೇನೆ. ಹೊಸಬರು ಇಂಗ್ಲೆಂಡಿನ ಒಂದನೇ ಎಡ್ವರ್ಡ್ ರಾಜನ ಪೆನ್ನಿ ಎಂಬ ಬೆಳ್ಳಿ ನಾಣ್ಯದಿಂದ ಶುರು ಮಾಡಿ. 1279ರಿಂದ ರಾಶಿಗಟ್ಟಲೆ ಅಚ್ಚು ಹಾಕಿದ್ದು, ಹಾಗಾಗಿ ಇವತ್ತಿಗೂ ಸಿಗುತ್ತದೆ. ವೆನಿಸ್‌ನ ಗ್ರೋಸ್ಸೋ ಎಂಬ ಬೆಳ್ಳಿ ನಾಣ್ಯ ಆಮೇಲೆ ನೋಡಿದರಾಯಿತು.

ಪೆನ್ನಿ ಕೈಗೆ ಬಂದರೆ ಮೊದಲು ಹಿಂಬದಿ ನೋಡಿ. ಉದ್ದನೆಯ ಶಿಲುಬೆ ಅಂಚಿನ ತನಕ ಹೋಗಿರುತ್ತದೆ, ನಾಲ್ಕು ಮೂಲೆಗೂ ಮೂರು ಮೂರು ಚುಕ್ಕಿ. ಸುತ್ತಲೂ ಟಂಕಸಾಲೆಯ ಊರಿನ ಹೆಸರು. ಲಂಡನ್‌ದಾದರೆ ‘ಸಿವಿಟಾಸ್ ಲಂಡನ್’ ಅಂತ ಲ್ಯಾಟಿನ್ನಿನಲ್ಲಿ. ಶಿಲುಬೆಯನ್ನು ಅಂಚಿನವರೆಗೆ ಎಳೆದದ್ದು ಸುಮ್ನೆ ಅಲ್ಲ. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರು ಆಗಲೂ ಇದ್ದರು ಅಲ್ವಾ, ಕತ್ತರಿಸಿದರೆ ಶಿಲುಬೆ ಮೊಟಕಾಗಿ ಗೊತ್ತಾಗಲಿ ಅಂತ!

ತೂಕ ಸುಮಾರು 1.4 ಗ್ರಾಂ. ಸವೆದಿದ್ದರೆ ಕಮ್ಮಿ ಬರುತ್ತದೆ, ತೀರಾ ಜಾಸ್ತಿ ಬಂದರೆ ಅನುಮಾನ ಪಡಿ. ಭೂತಗನ್ನಡಿ ಹಿಡಿದು ಅಂಚು ನೋಡಿ. ಸುತ್ತ ಜೋಡಣೆಯ ಗೆರೆ, ಮೈಮೇಲೆ ಗುಳ್ಳೆ ಒಡೆದಂಥ ಸಣ್ಣ ತೂತು ಇದ್ದರೆ ಎರಕದ ನಕಲಿ ಇರಬಹುದು.

ಕಪ್ಪಾಗಿದೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅದೇನು ದೇವರ ದೀಪವೇ? ತಿಕ್ಕಿದರೆ ಬೆಲೆ ಬಿದ್ದುಹೋಗುತ್ತದೆ. ಪಿವಿಸಿ ಕವರ್‌ನಲ್ಲೂ ಇಡಬೇಡಿ, ಹಸಿರು ಜಿಗುಟು ಹಿಡಿಯುತ್ತದೆ. ಕೊಂಡ ಬಿಲ್ ಮಾತ್ರ ನಾಣ್ಯದ ಜೊತೆಗೇ ಇರಲಿ.