ಒತ್ತೊಂದು ಕೈತಪ್ಪಿದಾಗ

ಆಷಾಢದಲ್ಲಿ ನಮ್ಮ ಸಾಗರದ ಕಡೆ ಬೆಳಗಾದರೆ ಮೊದಲ ಮಾತು, ‘ಇವತ್ತಾದ್ರೂ ಹೊಳವಾಗ್ತದಾ?’ ಹೊಳವೆಂದರೆ ಮಳೆ ಬಿಟ್ಟು ಬಾನು ತಿಳಿಯಾಗುವುದು. ಅಡಿಕೆಗೆ ಹೊಡೆಯಲು ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ. ಮರ ಹತ್ತುವವರೂ ಬಂದು ಜಗಲಿಯಲ್ಲಿ ಕೂತಿದ್ದಾರೆ. ಮಳೆ ಮಾತ್ರ ಬಿಡದು. ಕೊಳೆರೋಗ ತಗುಲಿದ ಕಾಯಿ ತೋಟದಲ್ಲಿ ಉದುರುತ್ತಲೇ ಇದೆ. ಆ ಕೈಸೋತ ಸ್ಥಿತಿಯನ್ನು ಅಚ್ಚುಮೊಳೆಯ ಬಾಯಲ್ಲಿ ಹೇಳಿಸಲು ನಾನು ಆರಿಸಿಕೊಂಡ ಸಾಲು: ‘ಮಳೆ ಹೊಳವಾಗಲಿಲ್ಲ’.

ಇದನ್ನು ಕೈಯಲ್ಲೇ ಅಚ್ಚೊತ್ತಲು ಸೀಸದ ಮೊಳೆ, ಅದನ್ನು ಜೋಡಿಸಿಡುವ ತಟ್ಟೆಯಾದ ಗ್ಯಾಲಿ, ಕೈರೋಲರ್, ಕಪ್ಪು ಶಾಯಿ, ಮರದ ಸೌಟು ಇದ್ದರೆ ಸಾಕು. ಆಫ್‌ಸೆಟ್ ಬಂದ ಮೇಲೆ ಬಾಗಿಲು ಹಾಕಿದ ಪ್ರೆಸ್ಸಿನವರ ಅಟ್ಟದಲ್ಲಿ ಮೊಳೆ ಉಳಿದಿರಬಹುದು. ಗುಜರಿಗೆ ಹೋಗುವ ಮೊದಲು ವಿಚಾರಿಸಿ. ಕಾಲಲ್ಲಿ ತುಳಿದು ಅಚ್ಚೊತ್ತುವ ಟ್ರೆಡಲ್ ಯಂತ್ರ ಸಿಕ್ಕರೂ ಇದಕ್ಕೆ ಬೇಡ. ಸಡಿಲ ಮೊಳೆ ಮೇಲೆದ್ದರೆ ಯಂತ್ರವೂ ಕೆಟ್ಟೀತು, ಹಿಡಿಯಲು ಹೋದ ಬೆರಳೂ ಜಜ್ಜೀತು.

ಮೊದಲು ಸಾಲನ್ನು ಸರಿಯಾಗಿಯೇ ಕಟ್ಟಿ. ಮೊಳೆಗಳನ್ನು ತಲೆಕೆಳಗಾಗಿ ಹಿಡಿದು, ಎಡದಿಂದ ಬಲಕ್ಕೆ ಜೋಡಿಸಿ. ಸುತ್ತ ಮರದ ಪಟ್ಟಿ ಕೊಟ್ಟು ಬಿಗಿ ಮಾಡಿ. ಗ್ಯಾಲಿ ಓರೆ ಮಾಡಿದರೂ ಒಂದೇ ಒಂದು ಮೊಳೆ ಅಲುಗಬಾರದು. ಶಾಯಿ ಸವರಿ, ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ. ಈ ಪ್ರತಿಯನ್ನು ಗೋಡೆಯ ಮೇಲೆ ಹಾಕಿಡಿ. ಬಿಗಿ ಹೇಗಿತ್ತೆಂದು ಕಂಡವರಿಗೇ ಸಡಿಲಾದದ್ದು ತಿಳಿಯುವುದು.

ಈಗ ಕೆಡಿಸುವ ಕೆಲಸ. ಮೊದಲ ಸಲ ನಾನು ಮೊಳೆಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ ಅಚ್ಚೊತ್ತಿದೆ. ಜಾತ್ರೆಯ ಪೋಸ್ಟರಿನಂತೆ ಲವಲವಿಕೆಯಾಗಿ ಬಂತು! ಹೆದರಿಕೆ ಹುಟ್ಟಿಸಿದ್ದು ಆಮೇಲೆ, ಒಂದೇ ಒಂದು ಒತ್ತು, ಅಂದರೆ ಒತ್ತಕ್ಷರ. ಕನ್ನಡದ ಕೇಸಿನಲ್ಲಿ, ಅಂದರೆ ಮೊಳೆಗಳ ಖಾನೆಪೆಟ್ಟಿಗೆಯಲ್ಲಿ, ಒತ್ತಿಗೆ ಬೇರೆಯದೇ ಮೊಳೆ. ‘ಇಲ್ಲ’ದ ಒತ್ತಿನ ಪಕ್ಕದ ಸ್ಪೇಸ್, ಅಂದರೆ ತೆರಪು ತುಂಬುವ ಖಾಲಿ ಮೊಳೆ, ತೆಗೆದು, ಮಡಚಿದ ಮೆತ್ತನೆ ಕಾಗದ ತುರುಕಿ. ಉಜ್ಜುವಾಗೆಲ್ಲ ಅದು ಕೂದಲೆಳೆಯಷ್ಟು ವಾಲುತ್ತದೆ. ಸಾಲು ನೆಟ್ಟಗೆ ನಿಂತಿದೆ, ಒತ್ತು ಮಾತ್ರ ಜಾರುತ್ತಿದೆ. ಎಂಟ್ಹತ್ತು ಪ್ರತಿಯನ್ನು ಸಾಲಾಗಿ ನೇತುಹಾಕಿ ನೋಡಿ.

ಇನ್ನೊಂದು ಉಪಾಯ ಎತ್ತರದ್ದು. ಮೊಳೆಯ ಎತ್ತರ 0.918 ಇಂಚು, ಅಂದರೆ ಸುಮಾರು 23.3 ಮಿಲಿಮೀಟರ್. ‘ಳ’ದ ಬುಡಕ್ಕೆ ತೆಳು ಕಾಗದದ ಚೂರಿಟ್ಟರೂ ಸಾಕು, ಅದೊಂದೇ ಕಪ್ಪಾಗಿ ಕಾಗದವನ್ನು ಕಚ್ಚುತ್ತದೆ, ನೆರೆಯ ಅಕ್ಷರಗಳು ಬಿಳಿಚಿಕೊಳ್ಳುತ್ತವೆ. ಒಮ್ಮೆಗೆ ಒಂದನ್ನೇ ಬದಲಿಸಿ. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಕೊನೆಗೆ ಕಾಗದದ ಬದಲು ಅಡಿಕೆ ಹಾಳೆಯ ಮೇಲೆ ಒತ್ತಿ. ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ ಒಣಗಿಸಿದರೂ ಅದರ ಗೆರೆಗಳು ಹೋಗವು. ಎಲ್ಲಿ ಶಾಯಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಹಾಳೆಗೆ ಬಿಟ್ಟದ್ದು. ಚಂದ ಬಂದದ್ದನ್ನು ಮಾತ್ರ ಆರಿಸಿಟ್ಟುಕೊಳ್ಳುವ ಚಪಲ ಬೇಡ. ಮಳೆಗಾಲದಲ್ಲಿ ಶಾಯಿ ಬೇಗ ಆರದು, ಪ್ರತಿಗಳನ್ನು ಪೇರಿಸಿಡಬೇಡಿ.

ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಕೇಸಿಗೆ ಹಾಕಿ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಎಲೆಯಡಿಕೆ ಬಾಯಿಗಿಡಬೇಡಿ. ಕಸ ಗುಡಿಸುವ ಮೊದಲು ನೆಲ ನೋಡಿ, ಒತ್ತಿನ ಮೊಳೆ ಬಲು ಸಣ್ಣದು.